ಒಬ್ಬಳಿಗೆ ಐಟಿಪಿಎಲ್, ಇನ್ನೊಬ್ಬಳಿಗೆ ಎಲೆಕ್ಟ್ರಾನಿಕ್ ಸಿಟಿ: ಇಬ್ಬರೂ ಸೇರಿ ಮನೆ ಮಾಡೋದು ಎಲ್ಲಿ?

ತುಂಗೆಯ ದಡ
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಮೂರು ವರ್ಷ ಪಿಜಿಯಲ್ಲಿದ್ದು ಸಾಕಾಗಿದೆ. ಸ್ವಲ್ಪ ತಡವಾಗಿ ಎದ್ದರೆ ತಿಂಡಿ ಖಾಲಿ, ರಾತ್ರಿ ತಣ್ಣಗಾದ ಚಪಾತಿ, ಅಮ್ಮ ಊರಿಂದ ಬಂದರೆ ಒಂದು ರಾತ್ರಿ ಉಳಿಸಿಕೊಳ್ಳೋಕೂ ಜಾಗ ಇಲ್ಲ. ನಾನೂ ನನ್ನ ಕಾಲೇಜಿನ ಗೆಳತಿಯೂ ಸೇರಿ 2 ಬಿಎಚ್‌ಕೆ ಬಾಡಿಗೆಗೆ ಹಿಡಿಯೋಣ ಅಂತ ನಿರ್ಧಾರ ಮಾಡಿದ್ದೀವಿ. ಆದರೆ ಏರಿಯಾ ಯಾವುದು ಅನ್ನೋ ಮಾತಲ್ಲೇ ಎರಡು ತಿಂಗಳು ಕಳೀತು.

ನನ್ನ ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕಿನಲ್ಲಿ. ಪಟ್ಟಂದೂರು ಅಗ್ರಹಾರ ಮೆಟ್ರೋ ಸ್ಟೇಷನ್ನಿಂದ ನಡೆದೇ ಹೋಗ್ತೀನಿ. ವಾರಕ್ಕೆ 3 ದಿನ ಹೋದರೆ ಸಾಕು. ಅವಳದು ಎಲೆಕ್ಟ್ರಾನಿಕ್ ಸಿಟಿ, 5 ದಿನವೂ ಹೋಗಲೇಬೇಕು. ಕೆಲವು ವಾರ ಅವಳು ವಾಪಸ್ ಬರುವಾಗ ರಾತ್ರಿ ಹತ್ತು ಹೊಡೆದಿರುತ್ತೆ. ಇಬ್ಬರ ಹತ್ತಿರವೂ ಗಾಡಿ ಇಲ್ಲ. ಬಾಡಿಗೆ ಇಬ್ಬರೂ ಸೇರಿ 26 ಸಾವಿರದ ತನಕ ಕೊಡಬಹುದು.

ಇನ್ನೊಂದು ವಿಷಯ. ನಾನು ತೀರ್ಥಹಳ್ಳಿಯವಳು, ಸಸ್ಯಾಹಾರಿ. ಅವಳು ಕುಂದಾಪುರದವಳು, ವಾರಕ್ಕೆರಡು ಸಲವಾದರೂ ಮೀನು ಬೇಕು. ನನಗೇನೂ ತೊಂದರೆ ಇಲ್ಲ. ಓನರ್‌ಗಳಿಗೆ ಇದೆ.

ನಾನು ಇಂದಿರಾನಗರದ ಕಡೆ ಅಂತೀನಿ, ಅವಳು ಬಿಟಿಎಂ ಅಂತಾಳೆ. ನಡುವೆ ಎಲ್ಲಾದರೂ ಹುಡುಕಿ ಅಂತ ಎಲ್ಲರೂ ಹೇಳ್ತಾರೆ. ಈ ನಡುವೆ ಅನ್ನೋದು ಎಲ್ಲಿದೆ?

ಮಡಿವಾಳದ ಹುಡುಗ
ಬಿಟಿಎಂ. ಬೇರೆ ಯೋಚನೇನೇ ಬೇಡ.

ಹೂಡಿ ಹತ್ತಿರ
ಬಿಟಿಎಂನಿಂದ ಐಟಿಪಿಎಲ್‌ಗೆ ರಿಂಗ್ ರೋಡಲ್ಲಿ ಬಸ್ಸಿನಲ್ಲಿ ಹೋಗಿ ನೋಡಿದೀರಾ? ನಾನು ಒಂದು ವರ್ಷ ಹೋಗಿದ್ದೀನಿ. ಸಿಲ್ಕ್ ಬೋರ್ಡ್ ದಾಟಿ, ಇಬ್ಬಲೂರು ದಾಟಿ, ಮಾರತ್ತಹಳ್ಳಿ ಮುಟ್ಟೋ ಹೊತ್ತಿಗೆ ಆಫೀಸಲ್ಲಿ ಮೊದಲ ಮೀಟಿಂಗ್ ಮುಗಿದಿರ್ತಿತ್ತು. ಮಳೆ ಬಂದ ದಿನದ ಲೆಕ್ಕ ಹೇಳಲ್ಲ. 2025ರ ಮೇ ತಿಂಗಳ ಮಳೆಗೂ ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ನೀರು ನಿಂತಿತ್ತು.

ಮಡಿವಾಳದ ಹುಡುಗ
ಅವರು 3 ದಿನ ಮಾತ್ರ ಹೋಗೋದು ಸ್ವಾಮಿ. ಹಳದಿ ಮೆಟ್ರೋ ಬಂದಮೇಲೆ ಬಿಟಿಎಂ ಮೊದಲಿನ ಬಿಟಿಎಂ ಅಲ್ಲ. ಆ ಹುಡುಗಿ ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಅರ್ಧ ಗಂಟೆಯೊಳಗೆ ಹೋಗ್ತಾಳೆ.

ಲೆಕ್ಕದ ಮೇಷ್ಟ್ರು
ಗಾಡಿ ಇಲ್ಲ ಅಂದಮೇಲೆ ಮ್ಯಾಪಿನ ಕಿಲೋಮೀಟರ್ ಬಿಟ್ಟು ಸ್ಟೇಷನ್ ಎಣಿಸಿ. ನಾನು ಎಣಿಸಿದೆ.

ಪಟ್ಟಂದೂರು ಅಗ್ರಹಾರದಿಂದ ಮೆಜೆಸ್ಟಿಕ್‌ಗೆ 19 ಸ್ಟೇಷನ್, ನೇರಳೆ ಮಾರ್ಗ. ಮೆಜೆಸ್ಟಿಕ್‌ನಿಂದ ಆರ್.ವಿ. ರೋಡ್‌ಗೆ 7, ಹಸಿರು ಮಾರ್ಗ. ಆರ್.ವಿ. ರೋಡ್‌ನಿಂದ ಎಲೆಕ್ಟ್ರಾನಿಕ್ ಸಿಟಿ ಸ್ಟೇಷನ್‌ಗೆ 11, ಹಳದಿ ಮಾರ್ಗ. ಒಟ್ಟು 37. ಅಂದರೆ ನಿಮ್ಮಿಬ್ಬರ ನಡು ಬಿಂದು ಮೆಜೆಸ್ಟಿಕ್! ನಿಮಗೆ 19, ಅವರಿಗೆ 18.

ನೀವು ಹೇಳೋ ಇಂದಿರಾನಗರ ತಗೊಂಡರೆ ನಿಮಗೆ 12, ಅವರಿಗೆ 25, ಅದೂ ಎರಡು ಕಡೆ ರೈಲು ಬದಲಾಯಿಸಿ, ವಾರಕ್ಕೆ 5 ದಿನ. ಇದು ನ್ಯಾಯ ಅನ್ನಿಸಲ್ಲ.

ತುಂಗೆಯ ದಡ
ಇಷ್ಟು ದಿನದಲ್ಲಿ ಹೀಗೆ ಎಣಿಸಬೇಕು ಅಂತ ನಮಗೆ ಹೊಳೀಲೇ ಇಲ್ಲ ಸರ್. ಇಂದಿರಾನಗರ ಅಂದಿದ್ದು ತಪ್ಪಾಯ್ತು. ಈಗಷ್ಟೇ ಅವಳಿಗೂ ಕಳಿಸಿದೆ. ಆದರೆ ಮೆಜೆಸ್ಟಿಕ್‌ನಲ್ಲಿ ಮನೆ ಮಾಡೋದು ಅಂದರೆ?

ಶ್ರೀರಾಂಪುರ ಸಂತೆ
ಮೆಜೆಸ್ಟಿಕ್ ಅಂದರೆ ಬಸ್ ಸ್ಟ್ಯಾಂಡೊಳಗೆ ಅಲ್ಲವಲ್ಲ. ಶ್ರೀರಾಂಪುರ, ಮಲ್ಲೇಶ್ವರ, ಮಾಗಡಿ ರೋಡ್, ವಿಜಯನಗರ, ಈ ಕಡೆ ಬಸವನಗುಡಿ, ವಿ.ವಿ. ಪುರಂ ಎಲ್ಲ ಅದರ ಸುತ್ತಲೇ ಇವೆ. ಹಳೇ ಬೆಂಗಳೂರು. ನೀರಿಗೆ ಕಾವೇರಿ, ಮೂಲೆಗೊಂದು ತರಕಾರಿ ಅಂಗಡಿ, ಕನ್ನಡದಲ್ಲಿ ಮಾತಾಡೋ ಮೆಡಿಕಲ್ ಸ್ಟೋರ್. ನನ್ನ ಮನೆ ಶ್ರೀರಾಂಪುರದ ಒಳಗಡೆ, 1 ಬಿಎಚ್‌ಕೆ, 14 ಸಾವಿರ. ಲಿಫ್ಟ್ ಇಲ್ಲ, ಪಾರ್ಕಿಂಗ್ ಇಲ್ಲ, ಬೇಕಾಗೂ ಇಲ್ಲ.

ನಾಗರಬಾವಿ ನೆರಳು
ವಿಜಯನಗರಕ್ಕೆ ನನ್ನ ಓಟು. ಮೀನು ಮಾರ್ಕೆಟ್ಟೂ ಇದೆ, ದೇವಸ್ಥಾನವೂ ಇದೆ, ಓನರ್‌ಗಳಲ್ಲಿ ಎಲ್ಲ ಥರದವರೂ ಇದ್ದಾರೆ.

ಲೆಕ್ಕದ ಮೇಷ್ಟ್ರು
ವಿಜಯನಗರ ಚೆಂದದ ಏರಿಯಾ, ಒಪ್ತೀನಿ. ಆದರೆ ಅದು ಮೆಜೆಸ್ಟಿಕ್‌ನಿಂದ ಆ ಕಡೆಗೆ. ಅಲ್ಲಿಗೆ ಹೋದರೆ ಇಬ್ಬರಿಗೂ ದಾರಿ ಉದ್ದ ಆಗುತ್ತೆ. ಮಲ್ಲೇಶ್ವರವೂ ಹಾಗೇ. ಹುಡುಕೋದಾದರೆ ಈ ದಾರಿಯ ಮೇಲೇ ಹುಡುಕಬೇಕು.

ಕೆ.ಆರ್. ಪುರದಿಂದ ದಿನಾ
ನೀಲಿ ಮಾರ್ಗದ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ರಿಂಗ್ ರೋಡ್ ಉದ್ದಕ್ಕೂ ಕೆಲಸ ನಡೀತಿದೆ. ಅದು ಬಂದರೆ ಎಚ್‌ಎಸ್‌ಆರ್ ಇವರಿಬ್ಬರಿಗೂ ಹೇಳಿ ಮಾಡಿಸಿದ ಜಾಗ. ಈಗಲೇ ಅಲ್ಲಿ ಹಿಡಿದುಬಿಡಿ, ಆಮೇಲೆ ಬಾಡಿಗೆ ಕೈಗೆ ಸಿಗಲ್ಲ.

ಹೂಡಿ ಹತ್ತಿರ
ಬರದೇ ಇರೋ ರೈಲು ನಂಬಿಕೊಂಡು ಬಾಡಿಗೆ ಮನೆ ಹಿಡಿಯೋದು ಬೇಡವೇ ಬೇಡ. ಸೈಟ್ ತಗೊಳ್ಳೋರಿಗೆ ಆ ಮಾತು ಸರಿ, ಅವರು ಹತ್ತು ವರ್ಷ ಕಾಯ್ತಾರೆ. ಬಾಡಿಗೆಯವರ ಅಗ್ರಿಮೆಂಟ್ 11 ತಿಂಗಳದ್ದು. ಇವತ್ತು ಓಡ್ತಿರೋ ರೈಲು ನೋಡಿ ಮನೆ ಹಿಡೀರಿ. ನೀಲಿ ಬಂದಾಗ ಸಾಮಾನು ಕಟ್ಟಿಕೊಂಡು ಹೋದರಾಯ್ತು, ಬಾಡಿಗೆ ಮನೆಯ ಅನುಕೂಲವೇ ಅದಲ್ಲವಾ?

ಹುಬ್ಬಳ್ಳಿಯಾಂವ
ನಾ ಬೆಂಗಳೂರಿಗೆ ಬಂದು ಎಂಟು ವರ್ಷ ಆತ್ರಿ, ಐದು ಮನಿ ಬದಲಿ ಮಾಡೇನಿ. ಒಂದ ಮಾತ ಹೇಳ್ತೇನಿ. ನಡುವ ನಡುವ ಅಂತ ಹುಡುಕಬ್ಯಾಡ್ರಿ. ನಾನೂ ನನ್ನ ದೋಸ್ತನೂ ಹಂಗ ನಡುವ ಹುಡುಕಿ ಮನಿ ಮಾಡಿದ್ವಿ. ಅವಂಗೂ ಒಂದೂಕಾಲು ತಾಸು, ನನಗೂ ಒಂದೂಕಾಲು ತಾಸು. ಇಬ್ರೂ ದಣದ ಬರ್ತಿದ್ವಿ, ಇಬ್ರಿಗೂ ಅಡಿಗಿ ಮಾಡೂ ಮನಸಿಲ್ಲ, ಸಣ್ಣ ಸಣ್ಣ ಮಾತಿಗೆ ಜಗಳ. ಆರು ತಿಂಗಳಿಗೆ ಮನಿ ಬಿಟ್ವಿ.

ಆಮ್ಯಾಲ ಅವನ ಆಫೀಸಿನ ಬಾಜೂನ ಮಾಡಿದ್ವಿ. ಅಂವ ಆರು ಗಂಟೆಕ್ಕ ಮನಿಗೆ ಬಂದು ಅನ್ನಕ್ಕ ಇಡ್ತಿದ್ದ, ನಾ ಎಂಟಕ್ಕ ಬಂದ್ರ ಬಿಸಿ ಊಟ ತಯಾರ ಇರ್ತಿತ್ತು. ನನ್ನ ದಾರಿ ಉದ್ದ ಆತು, ಖರೇ. ಆದ್ರ ಮನ್ಯಾಗ ನೆಮ್ಮದಿ ಇತ್ತು. ಒಬ್ರಾದ್ರೂ ದಣಿದಂಗ ಇರಬೇಕ್ರಿ ಮನ್ಯಾಗ.

ಲೆಕ್ಕದ ಮೇಷ್ಟ್ರು
ಹುಬ್ಬಳ್ಳಿಯವರ ಮಾತು ಲೆಕ್ಕಕ್ಕೂ ಸರಿಹೋಗುತ್ತೆ. ಹೋಗೋ ದಿನ ಸೇರಿಸಿ ಎಣಿಸಿ (ಒಂದು ಕಡೆಯ ಪ್ರಯಾಣ ಮಾತ್ರ). ಮೆಜೆಸ್ಟಿಕ್‌ನಲ್ಲಿದ್ದರೆ ವಾರಕ್ಕೆ ಇಬ್ಬರದೂ ಸೇರಿ 57 ಮತ್ತು 90, ಒಟ್ಟು 147 ಸ್ಟೇಷನ್. ನ್ಯಾಷನಲ್ ಕಾಲೇಜ್ ಸ್ಟೇಷನ್ ಹತ್ತಿರ ಇದ್ದರೆ ನಿಮಗೆ 22, ಅವರಿಗೆ 15, ಒಟ್ಟು 141. ಆರ್.ವಿ. ರೋಡ್‌ನಲ್ಲಿದ್ದರೆ ನಿಮಗೆ 26, ಅವರಿಗೆ 11, ಒಟ್ಟು 133. ರಾಗಿಗುಡ್ಡಕ್ಕೆ ಹೋದರೆ 131. ಐದು ದಿನ ಹೋಗೋರ ಕಡೆಗೆ ಜರುಗಿದಷ್ಟೂ ಒಟ್ಟು ದಣಿವು ಕಡಿಮೆ.

ಗಾಂಧಿ ಬಜಾರ್ ಹೂ
ಮೇಷ್ಟ್ರೇ, ಸ್ಟೇಷನ್ ಎಣಿಸಿದ್ದು ಸರಿ, ರೈಲು ಬದಲಾಯಿಸೋದನ್ನ ಬಿಟ್ಟಿದ್ದೀರಿ. ರಾಗಿಗುಡ್ಡದಲ್ಲಿದ್ದರೆ ಈ ಹುಡುಗಿ ಒಂದು ಸ್ಟೇಷನ್ ಹೋಗಿ ಆರ್.ವಿ. ರೋಡಲ್ಲಿ ಇಳಿದು ಹಸಿರು ಹಿಡಿದು, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಹಿಡೀಬೇಕು. ಬೆಳಗ್ಗೆ ಒಂಬತ್ತರ ಮೆಜೆಸ್ಟಿಕ್ ರಶ್ಶಲ್ಲಿ ಒಂದು ಸಲ ಬದಲಾಯಿಸೋದೇ ಸಾಕು. ಅದೇ ಆರ್.ವಿ. ರೋಡ್ ಸ್ಟೇಷನ್‌ಗೆ ನಡೆದು ಹೋಗೋ ದೂರದಲ್ಲಿ ಮನೆ ಸಿಕ್ಕಿದರೆ ಗೆಳತಿಗೆ ಬದಲಾವಣೆಯೇ ಇಲ್ಲ, ಇವರಿಗೆ ಮೆಜೆಸ್ಟಿಕ್‌ನಲ್ಲಿ ಒಂದೇ ಸಲ. ಜಯನಗರ 5ನೇ ಬ್ಲಾಕ್, 7ನೇ ಬ್ಲಾಕ್, 8ನೇ ಬ್ಲಾಕ್, ಯಡಿಯೂರು, ಬನಶಂಕರಿ ದೇವಸ್ಥಾನದ ಈಚೆ. ಅಲ್ಲಿ ಹುಡುಕಿ.

ಲೆಕ್ಕದ ಮೇಷ್ಟ್ರು
ಸರಿಯಾದ ತಿದ್ದುಪಡಿ. ಒಂದು ಬದಲಾವಣೆ ಅಂದರೆ ಮೂರು ಸ್ಟೇಷನ್ನಿನಷ್ಟು ಹೊತ್ತು ಅಂತ ಹಿಡಿದರೆ ನಾನೆಣಿಸಿದ ಆ ನಾಲ್ಕು ಜಾಗದಲ್ಲಿ ಆರ್.ವಿ. ರೋಡೇ ಗೆಲ್ಲುತ್ತೆ.

ಹಳದಿ ರೈಲು
ಹಳದಿ ಮಾರ್ಗ ದಿನಾ ಬಳಸೋನಾಗಿ ಒಂದು ಮಾತು. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಗ ಬರೆದ ಅಭಿಪ್ರಾಯ ಓದಿ ಹೆದರಬೇಡಿ. ರೈಲು ಒಂದೊಂದೇ ಸೇರಿದ ಹಾಗೆ ಕಾಯೋ ಹೊತ್ತು ಇಳಿದಿದೆ. ಆದರೂ ರಾತ್ರಿ ಹತ್ತರ ಮೇಲೆ ಅಂತರ ಜಾಸ್ತಿ. ಗೆಳತಿಯವರು ಕೊನೇ ರೈಲಿನ ಹೊತ್ತು ನೋಡಿಟ್ಟುಕೊಳ್ಳಲಿ.

ತುಂಗೆಯ ದಡ
ಮೆಟ್ರೋ ಖರ್ಚಿನ ಬಗ್ಗೆಯೂ ಹೇಳಿ. ದಿನಾ ಹೋಗಿ ಬಂದರೆ ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತಾ?

ಹಳದಿ ರೈಲು
2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಿಮ್ಮದು ಉದ್ದದ ಪ್ರಯಾಣ, ಮೇಲಿನ ದರದ ಹತ್ತಿರವೇ ಬೀಳುತ್ತೆ. ಸ್ಮಾರ್ಟ್ ಕಾರ್ಡಿದ್ದರೆ 5 ಪರ್ಸೆಂಟ್ ಕಡಿಮೆ, ರಶ್ ಇಲ್ಲದ ಹೊತ್ತಲ್ಲಿ ಹೋದರೆ ಇನ್ನೂ 5. ನೀವು 3 ದಿನ ಅಷ್ಟೇ ಅಲ್ಲವಾ, ತಡೆಯುತ್ತೆ. ಇದು ಐದು ದಿನ ಹೋಗೋರಿಗೆ ಬಿದ್ದಿದ್ದರೆ ಭಾರ ಆಗ್ತಿತ್ತು. ಅವರ ಆಫೀಸಿನ ಕಡೆಗೇ ಮನೆ ಮಾಡೋಕೆ ಇನ್ನೊಂದು ಕಾರಣ.

ಶಕ್ತಿ ಪ್ರಯಾಣಿಕೆ
ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾದಾ ಬಸ್ಸು 2023ರ ಜೂನ್ 11ರಿಂದ ಉಚಿತ, ಅದನ್ನ ಮರೀಬೇಡಿ. ನಾನು ಹೋಗುವಾಗ ಮೆಟ್ರೋ, ಬರುವಾಗ ಹೊತ್ತಿದ್ದರೆ ಬಸ್ಸು. ಎಸಿ ವಜ್ರಕ್ಕೆ ಮಾತ್ರ ದುಡ್ಡು. ತಿಂಗಳಿಗೆ ಒಂದೂವರೆ ಸಾವಿರ ಉಳೀತಿದೆ ನನಗೆ. ಆ ದುಡ್ಡಲ್ಲಿ ಅಮ್ಮನಿಗೆ ಆರ್‌ಡಿ ಕಟ್ತಿದ್ದೀನಿ.

ಪಂಜುರ್ಲಿ ಪೇಟೆ
ಹ್ವಾಯ್, ಗೆಳತಿ ಕುಂದಾಪ್ರದವರಾ! ಜಯನಗರ, ಬಸವನಗುಡಿ ಕಡೆ ಮೀನು ಅಂದರೆ ಕಷ್ಟ ಉಂಟು ಮಾರ್ರೆ. ನಾನು ಅಲ್ಲೇ ಒಂದು ಕಡೆ ಮನೆ ಕೇಳಲಿಕ್ಕೆ ಹೋದಾಗ ಮೊದಲ ಪ್ರಶ್ನೆ ಹೆಸರು ಅಲ್ಲ, ಕೆಲಸ ಅಲ್ಲ. "ನೀವು ವೆಜ್ಜಾ?" ಎರಡನೆಯದು, "ನೀವು ಯಾವ ಜನ?" ಅಡ್ವಾನ್ಸ್ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿದ್ದೇನೆ ನಾನು. ಊರಲ್ಲಿ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ, ನೀರು ಕೊಡ್ತೇವೆ. ಆವತ್ತು ಮನಸ್ಸಿಗೆ ತುಂಬಾ ನೋವಾಯಿತು.

ಮಡಿವಾಳದ ಹುಡುಗ
ಅದಕ್ಕೇ ನಾನು ಬಿಟಿಎಂ ಅಂದಿದ್ದು. ಅಲ್ಲಿ ಯಾರೂ ಏನೂ ಕೇಳಲ್ಲ.

ಕೆಳಗಿನ ಮನೆ ಓನರ್
ನಾನು ಓನರ್. ಕೆಳಗೆ ನಾವು, ಮೇಲೆ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೀವಿ. ನಮ್ಮ ಮನೇಲಿ ವಯಸ್ಸಾದ ತಾಯಿ ಇದ್ದಾರೆ, ಮಡಿ ಮಾಡ್ತಾರೆ, ವಾಸನೆ ಅವರಿಗೆ ಆಗಲ್ಲ. ಅದಕ್ಕೆ ಸಸ್ಯಾಹಾರಿಗಳಿಗೇ ಕೊಡ್ತೀವಿ. ಇದರಲ್ಲಿ ಯಾರನ್ನೂ ಕೀಳಾಗಿ ನೋಡೋ ಉದ್ದೇಶ ಇಲ್ಲ. ನಮ್ಮ ಮನೆ, ನಮ್ಮ ಅನುಕೂಲ ನೋಡಿಕೊಳ್ಳಬಾರದಾ?

ಪಂಜುರ್ಲಿ ಪೇಟೆ
ವಾಸನೆಯ ಮಾತು ಅರ್ಥ ಆಗ್ತದೆ ಸರ್. "ಯಾವ ಜನ" ಅಂತ ಕೇಳೋದಕ್ಕೂ ವಾಸನೆಗೂ ಎಂತ ಸಂಬಂಧ? ಮೀನು ತಿನ್ನಲ್ಲ ಅಂತ ಹೇಳಿದ ಮೇಲೂ ಆ ಪ್ರಶ್ನೆ ಬರ್ತದಲ್ಲ.

ಕೆಳಗಿನ ಮನೆ ಓನರ್
ಅದು ತಪ್ಪು, ಒಪ್ಪುತ್ತೇನೆ. ನಾನು ಕೇಳಿಲ್ಲ. ಕೇಳುವವರು ಇದ್ದಾರೆ, ಅದೂ ಗೊತ್ತು.

ಗಾಂಧಿ ಬಜಾರ್ ಹೂ
ಮುಚ್ಚಿಡೋದು ಮಾತ್ರ ಬೇಡ. ನನ್ನ ಕಸಿನ್ ಹಾಗೆ ಮಾಡಿದ್ದಳು. ಮೊಟ್ಟೆ ಸಿಪ್ಪೆಯನ್ನ ಪೇಪರಲ್ಲಿ ಸುತ್ತಿ ಆಫೀಸ್ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಬೇರೆ ಬೀದೀಲಿ ಎಸೀತಿದ್ದಳು. ನಾಲ್ಕು ತಿಂಗಳು ಕಳ್ಳರ ಹಾಗೆ ಬದುಕಿದಳು. ಕೊನೆಗೆ ಒಂದು ದಿನ ಓನರ್ ಟ್ಯಾಂಕ್ ನೋಡೋಕೆ ಅಂತ ಮೇಲೆ ಬಂದಾಗ ಒಲೆ ಮೇಲೆ ಸಾರಿತ್ತು. ಆ ತಿಂಗಳೇ ಮನೆ ಖಾಲಿ ಮಾಡಿಸಿದರು, ಅಡ್ವಾನ್ಸಲ್ಲಿ ಮೂವತ್ತು ಸಾವಿರ ಹಿಡಿದುಕೊಂಡರು. ಫೋನಲ್ಲೇ ಮೊದಲ ಮಾತಿಗೇ ಹೇಳಿಬಿಡಿ: "ನಮ್ಮಲ್ಲೊಬ್ಬಳು ಮೀನು ತಿಂತಾಳೆ, ಆಗಬಹುದಾ?" ಇಪ್ಪತ್ತು ಮನೆ ಕಡಿಮೆ ನೋಡ್ತೀರಿ, ಅಷ್ಟೇ. ಉಳಿದ ಮನೆಗಳಲ್ಲಿ ತಲೆಯೆತ್ತಿಕೊಂಡು ಇರಬಹುದು.

ತುಂಗೆಯ ದಡ
ಇದನ್ನ ನಾವಿಬ್ಬರೂ ನಿನ್ನೆ ರಾತ್ರಿ ಮಾತಾಡಿದ್ವಿ. ಅವಳು, "ನಿನಗೋಸ್ಕರ ಮನೇಲಿ ಮಾಡಲ್ಲ, ಹೊರಗೆ ತಿಂತೀನಿ" ಅಂದಳು. ನಾನು ಬೇಡ ಅಂದೆ. ಅವಳ ಮನೇನೂ ಹೌದಲ್ಲ ಅದು? ಬಾಣಲೆ, ಸೌಟು ಬೇರೆ ಇಟ್ಟುಕೊಂಡರಾಯ್ತು. ಯಾರಾದರೂ ಹೀಗೆ ಒಂದೇ ಅಡುಗೆ ಮನೆಯಲ್ಲಿ ಎರಡೂ ನಡೆಸ್ತಿದ್ದರೆ ಹೇಳಿ.

ಹಾಸನದ ಆಲೂಗಡ್ಡೆ
ನಾನೂ ನನ್ನ ರೂಮ್‌ಮೇಟೂ ನಾಲ್ಕು ವರ್ಷದಿಂದ ಹಾಗೇ ಇದ್ದೀವಿ. ಎರಡು ಬಾಣಲೆ, ಎರಡು ಚಾಕು, ಎರಡು ಸ್ಕ್ರಬ್ಬರ್. ಫ್ರಿಜ್ಜಿನ ಕೆಳಗಿನ ಡಬ್ಬಿ ಅವಳದು. ಮೀನು ಮಾಡಿದ ದಿನ ಪಾತ್ರೆ ಅವಳೇ ತೊಳೀತಾಳೆ, ಕಸ ಅವತ್ತೇ ಹೊರಗೆ. ಜಗಳ ಬಂದಿದ್ದು ಒಂದೇ ಸಲ, ಅದೂ ಸ್ಕ್ರಬ್ಬರ್ ಅದಲು ಬದಲಾಗಿ. ಬಣ್ಣ ಬೇರೆ ಬೇರೆ ತಗೊಳ್ಳಿ.

ಟಿ.ಸಿ. ಪಾಳ್ಯದವಳು
ಏರಿಯಾ ಏರಿಯಾ ಅಂತ ಇಷ್ಟು ಬರೆದಿದ್ದೀರಿ, ನೀರು ಯಾರೂ ಕೇಳಲಿಲ್ಲ. 2024ರ ಬೇಸಿಗೆ ನೆನಪಿದೆಯಾ? ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಫೆಬ್ರವರಿಗೇ ನಿಂತುಹೋಯ್ತು. ಟ್ಯಾಂಕರ್‌ಗೆ ಫೋನ್ ಮಾಡಿದರೆ ನಾಲ್ಕು ದಿನ ಬಿಟ್ಟು ಬರ್ತೀನಿ ಅನ್ನೋರು. ಒಂದು ಬಕೆಟ್ ನೀರಲ್ಲಿ ಸ್ನಾನ, ಅದೇ ನೀರು ಬಾತ್‌ರೂಮಿಗೆ. ತಲೆ ಸ್ನಾನಕ್ಕೆ ಅಂತ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗ್ತಿದ್ದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು, ಹೊರಗಿನ 110 ಹಳ್ಳಿಗಳಿಗೆ ಅಂತ. ಆದರೂ ಪೈಪ್ ಬೀದಿಗೆ ಬಂದಿದೆ ಅಂದ ಮಾತ್ರಕ್ಕೆ ಆ ಬಿಲ್ಡಿಂಗಿಗೆ ಕನೆಕ್ಷನ್ ತಗೊಂಡಿದ್ದಾರೆ ಅಂತಲ್ಲ.

ಮನೆ ನೋಡೋಕೆ ಹೋದಾಗ ಓನರ್‌ನ ಕೇಳಬೇಡಿ, ಪಕ್ಕದ ಮನೆಯವರನ್ನ ಕೇಳಿ. ಕಾವೇರಿ ಯಾವ ದಿನ ಬರುತ್ತೆ, ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದೇ ಸಂಪು, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ರಾ. ತರಿಸಿದರೆ ದುಡ್ಡು ಯಾರು ಕೊಟ್ಟರು ಅನ್ನೋದೂ ಕೇಳಿ.

ಹುಬ್ಬಳ್ಳಿಯಾಂವ
ಈ ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೇ. ನಮ್ಮ ಹುಬ್ಬಳ್ಳ್ಯಾಗ ವಾರಕ್ಕೊಮ್ಮೆ ನೀರು ಬಂದ ಕಾಲಾನೂ ನೋಡೇನಿ, ಡ್ರಮ್ಮಿನ್ಯಾಗ ತುಂಬಿಡೂದು ನಮಗ ರೂಢಿ. ಇಲ್ಲೆ ಡ್ರಮ್ ಇಡಾಕೂ ಜಾಗ ಇರಂಗಿಲ್ಲ.

ಹೊರಮಾವು ಮಳೆ
ಬೇಸಿಗೆಯ ನೀರು ಕೇಳಿದ ಹಾಗೆ ಮಳೆಯ ನೀರೂ ಕೇಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡು ಮುಳುಗಿತ್ತು. 2025ರ ಮೇನಲ್ಲಿ ನಮ್ಮ ಕಡೆ ಸಾಯಿ ಲೇಔಟ್. ನಾನು ಗ್ರೌಂಡ್ ಫ್ಲೋರ್‌ನಲ್ಲಿದ್ದೆ. ಮಂಚದ ಮೇಲೆ ಮಂಚ ಇಟ್ಟು ಅದರ ಮೇಲೆ ಅಕ್ಕಿ ಮೂಟೆ, ಮಾರ್ಕ್ಸ್ ಕಾರ್ಡು. ಆಮೇಲೆ ಎಲ್ಲೇ ಮನೆ ನೋಡಿದರೂ ಮೊದಲು ಗೋಡೆಯ ಬುಡ ನೋಡ್ತೀನಿ, ನೀರು ನಿಂತ ಗುರುತು ಪೇಂಟ್ ಹೊಡೆದರೂ ಉಬ್ಬಿಕೊಂಡಿರುತ್ತೆ. ಮೊದಲ ಮಹಡಿಯೇ ತಗೊಳ್ಳಿ.

ನಾಗರಬಾವಿ ನೆರಳು
ಅಡ್ವಾನ್ಸ್ ಎಷ್ಟು ಕೇಳ್ತಿದ್ದಾರೆ ಈಗ?

ಗಾಂಧಿ ಬಜಾರ್ ಹೂ
ಹಳೇ ಏರಿಯಾಗಳಲ್ಲಿ ಇನ್ನೂ ಹತ್ತು ತಿಂಗಳು ಕೇಳೋರಿದ್ದಾರೆ. ಮಾತಾಡಿದರೆ ಐದು ಆರಕ್ಕೆ ಇಳೀತಾರೆ. ನಾನು ಆರು ಕೊಟ್ಟೆ.

ಶ್ರೀರಾಂಪುರ ಸಂತೆ
ಎರಡು ತಿಂಗಳಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ ಅಂತ ಕಾನೂನು ಬಂತಲ್ಲ?

ಕೋರ್ಟ್ ರಸ್ತೆ
ಅದು 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಮಿತಿ ಅದರಲ್ಲಿರೋದು ನಿಜ. ಆದರೆ ಮಾದರಿ ಅಂದರೆ ಮಾದರಿ. ರಾಜ್ಯ ಅದನ್ನ ತನ್ನ ಕಾಯ್ದೆ ಮಾಡಿಕೊಂಡ ಕಡೆ ಮಾತ್ರ ನಡೆಯುತ್ತೆ. ಅದನ್ನ ಹಿಡಿದುಕೊಂಡು ಓನರ್ ಜೊತೆ ವಾದಕ್ಕೆ ಇಳಿಯಬೇಡಿ.

11 ತಿಂಗಳ ಅಗ್ರಿಮೆಂಟ್ ಯಾಕೆ ಅಂದರೆ, ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಅದನ್ನ ತಪ್ಪಿಸೋಕೆ. ನಿಮಗೆ ಮುಖ್ಯವಾದದ್ದು ಬೇರೆ ಇದೆ. ಅಗ್ರಿಮೆಂಟಲ್ಲಿ ಇಬ್ಬರ ಹೆಸರೂ ಇರಲಿ. ಅಡ್ವಾನ್ಸಲ್ಲಿ ಯಾರು ಎಷ್ಟು ಕೊಟ್ಟರು ಅನ್ನೋದೂ ಅದರಲ್ಲೇ ಬರಲಿ, ದುಡ್ಡು ಬ್ಯಾಂಕಿನಿಂದಲೇ ಹೋಗಲಿ. ಒಬ್ಬರಿಗೆ ಮದುವೆ ಆಯ್ತು, ಕೆಲಸ ಬದಲಾಯ್ತು, ಮಧ್ಯದಲ್ಲೇ ಹೊರಟರು ಅಂದರೆ ಏನು ಮಾಡೋದು ಅಂತ ಇಬ್ಬರೂ ಈಗಲೇ ಬರೆದಿಟ್ಟುಕೊಳ್ಳಿ. ಗೆಳೆತನ ಹಾಳಾದ ಹತ್ತು ಕೇಸಲ್ಲಿ ಎಂಟು ಅಡ್ವಾನ್ಸಿನದೇ, ನಾನು ನೋಡಿದ ಮಟ್ಟಿಗೆ. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಇಲ್ಲಿಯ ವಾಡಿಕೆ. ಅದಕ್ಕಿಂತ ಹೆಚ್ಚು ಹಿಡಿಯಲ್ಲ ಅಂತಲೂ ಬರೆಸಿ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಬಚ್ಚಲು ಎಲ್ಲದರ ಫೋಟೋ ತೆಗೆದಿಡಿ.

ಹಾಸನದ ಆಲೂಗಡ್ಡೆ
ಕರೆಂಟ್ ಮೀಟರ್ ಬೇರೆ ಇದೆಯಾ ಅಂತಲೂ ನೋಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, ಆದರೆ ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಲ್ಲಿರೋ ಕನೆಕ್ಷನ್ ನಂಬರ್) ಇರಬೇಕು. ನಮ್ಮ ಹಳೇ ಮನೆಯಲ್ಲಿ ಓನರ್ ಒಂದೇ ಕನೆಕ್ಷನ್ನಿಗೆ ಮೂರು ಸಬ್ ಮೀಟರ್ ಹಾಕಿಸಿದ್ದರು. ಮೂರು ಮನೆದೂ ಸೇರಿ 200 ಯೂನಿಟ್ ದಾಟೋದು, ಪೂರ್ತಿ ಬಿಲ್ಲು ಬರೋದು. ಹಿಂದಿನ ಬಾಡಿಗೆಯವರು ಅವರ ಆಧಾರ್ ಜೋಡಣೆ ತೆಗೆಸಿದ್ದಾರಾ ಅನ್ನೋದನ್ನೂ ಕೇಳಿ.

ಮಡಿವಾಳದ ಹುಡುಗ
ಇವರು ಮನೆ ಹಿಡೀತಿದ್ದಾರೋ ಪರೀಕ್ಷೆ ಬರೀತಿದ್ದಾರೋ. ಇಷ್ಟೆಲ್ಲ ನೋಡ್ತಾ ಕೂತರೆ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋಗಿರ್ತಾರೆ.

ಟಿ.ಸಿ. ಪಾಳ್ಯದವಳು
ಒಂದು ಬೇಸಿಗೆ ನನ್ನ ಹಾಗೆ ಕಳೆದಿದ್ದರೆ ನೀವೂ ಕೂತು ನೋಡ್ತಿದ್ರಿ.

ಕೆ.ಆರ್. ಪುರದಿಂದ ದಿನಾ
ವಿಷಯ ಬೇರೆ, ಆದರೂ ಕೇಳ್ತೀನಿ. ಬಸವನಗುಡಿ ಕಡೆ ಮನೆ ಆದರೆ ಕಡಲೆಕಾಯಿ ಪರಿಷೆಗೆ ನಡೆದೇ ಹೋಗಬಹುದಲ್ಲ? ನಾನು ಪ್ರತಿ ವರ್ಷ ಕೆ.ಆರ್. ಪುರದಿಂದ ಬರ್ತೀನಿ, ಎರಡು ಸೇರು ಕಾಯಿ ತಗೊಂಡು ವಾಪಸ್ ಹೋಗೋ ಹೊತ್ತಿಗೆ ಅರ್ಧ ಖಾಲಿ.

ಗಾಂಧಿ ಬಜಾರ್ ಹೂ
ಕಾರ್ತಿಕದ ಕೊನೇ ಸೋಮವಾರ ನಮ್ಮ ಬೀದೀಲಿ ಕಾಲಿಡೋಕೆ ಜಾಗ ಇರಲ್ಲ. ಹಿಂದಿನ ದಿನ ಭಾನುವಾರವೇ ಬೆಳಗ್ಗೆ ಬೇಗ ಬನ್ನಿ, ಹಸಿ ಕಾಯಿ ಆಗ ಚೆನ್ನಾಗಿರುತ್ತೆ. ವಾಪಸ್ ಹೋಗುವಾಗ ವಿ.ವಿ. ಪುರಂ ತಿಂಡಿ ಬೀದಿ ಹಾದು ನ್ಯಾಷನಲ್ ಕಾಲೇಜ್‌ನಲ್ಲಿ ಮೆಟ್ರೋ ಹತ್ತಿ.

ರಾತ್ರಿ ಪಾಳಿ
ಮುಖ್ಯ ವಿಷಯಕ್ಕೆ ಬನ್ನಿ. ಗೆಳತಿ ರಾತ್ರಿ ಹತ್ತಕ್ಕೆ ಬರ್ತಾರೆ ಅಂದಿದ್ದೀರಿ. ಮನೆ ನೋಡೋಕೆ ಭಾನುವಾರ ಮಧ್ಯಾಹ್ನ ಮಾತ್ರ ಹೋಗಬೇಡಿ. ಇಷ್ಟ ಆದ ಮನೆಗೆ ಒಂದು ಕೆಲಸದ ದಿನ ರಾತ್ರಿ ಹತ್ತಕ್ಕೆ ಸ್ಟೇಷನ್ನಿಂದ ಇಬ್ಬರೂ ನಡೆದು ನೋಡಿ. ಬೀದಿ ದೀಪ ಉರಿಯುತ್ತಾ, ಅಂಗಡಿ ಎಷ್ಟು ಹೊತ್ತಿನ ತನಕ ತೆರೆದಿರುತ್ತೆ, ನಾಯಿ ಎಷ್ಟಿವೆ, ಫುಟ್‌ಪಾತ್ ಅಗೆದು ಹಾಕಿದ್ದಾರಾ. ನಾನು ನರ್ಸ್, ಹನ್ನೊಂದು ವರ್ಷದಿಂದ ರಾತ್ರಿ ನಡೀತಿದ್ದೀನಿ. ಹತ್ತು ನಿಮಿಷದ ಕತ್ತಲೆ ದಾರಿಗಿಂತ ಇಪ್ಪತ್ತು ನಿಮಿಷದ ಬೆಳಕಿನ ದಾರಿಯೇ ಹತ್ತಿರ ಅನ್ನಿಸುತ್ತೆ. ಗೇಟಿಗೆ ಹತ್ತೂವರೆಗೆ ಬೀಗ ಹಾಕ್ತೀವಿ ಅನ್ನೋ ಓನರ್‌ಗಳೂ ಇದ್ದಾರೆ, ಮೊದಲೇ ಕೇಳಿ. ಕೀಲಿಯ ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲೇಬೇಕು.

ತುಂಗೆಯ ದಡ
ಎಲ್ಲರಿಗೂ ತುಂಬಾ ಧನ್ಯವಾದ. ಈ ಶನಿವಾರ, ಭಾನುವಾರ ಆರ್.ವಿ. ರೋಡ್ ಸ್ಟೇಷನ್ನಿಂದ ನಡೆದಾಡಿಕೊಂಡೇ ಹುಡುಕ್ತೀವಿ. ಆ್ಯಪಲ್ಲಿ ನೋಡಿದ್ದೆಲ್ಲ ಬ್ರೋಕರ್‌ಗಳದೇ, ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳ್ತಾರೆ.

ಗಾಂಧಿ ಬಜಾರ್ ಹೂ
ಹಳೇ ಏರಿಯಾಗಳಲ್ಲಿ ಒಳ್ಳೆ ಮನೆ ಆ್ಯಪಿಗೆ ಬರೋದೇ ಇಲ್ಲ. ಗೇಟಿಗೆ ಟು-ಲೆಟ್ ಬೋರ್ಡ್ ನೇತುಹಾಕಿರ್ತಾರೆ ಅಷ್ಟೇ. ಹಾಲಿನ ಬೂತ್, ಇಸ್ತ್ರಿ ಅಂಗಡಿಯವರನ್ನ ಕೇಳಿ. ಯಾವ ಮನೆ ಖಾಲಿ ಆಗ್ತಿದೆ ಅಂತ ಓನರ್‌ಗಿಂತ ಮೊದಲು ಇಸ್ತ್ರಿಯವರಿಗೆ ಗೊತ್ತಿರುತ್ತೆ.

ತುಂಗೆಯ ದಡ
ಹತ್ತು ದಿನ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ.

ಎರಡು ವಾರಾಂತ್ಯದಲ್ಲಿ ಹದಿನಾಲ್ಕು ಮನೆ ಕೇಳಿದ್ವಿ. ಮೀನಿನ ಮಾತು ಮೊದಲೇ ಹೇಳಿದ್ದರಿಂದ ಎಂಟು ಮನೆ ಗೇಟಲ್ಲೇ ಮುಗೀತು. ಒಂದು ಕಡೆ ಆ "ಯಾವ ಜನ" ಪ್ರಶ್ನೆಯೂ ಬಂತು, ನಾವೇ ಬೇಡ ಅಂತ ಎದ್ದು ಬಂದ್ವಿ. ಅವತ್ತು ಸಂಜೆ ಅವಳು ಮಾತೇ ಆಡಲಿಲ್ಲ. ನನಗೂ ಏನು ಹೇಳಬೇಕು ಅಂತ ತೋಚಲಿಲ್ಲ, ಸುಮ್ಮನೆ ಜೊತೇಲಿ ಕಾಫಿ ಕುಡಿದು ಬಂದ್ವಿ.

ಕೊನೆಗೆ ಯಡಿಯೂರಿನಲ್ಲಿ ಸಿಕ್ಕಿತು. ಇಸ್ತ್ರಿಯವರೇ ತೋರಿಸಿದ್ದು! ಮೊದಲ ಮಹಡಿ, ಸ್ಟೇಷನ್ನಿಗೆ ನಡೆದರೆ ಹದಿನೈದು ನಿಮಿಷ. ಕೆಳಗೆ ಓನರ್ ಆಂಟಿ ಒಬ್ಬರೇ ಇರ್ತಾರೆ. ಮೀನು ಅಂದಾಗ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅಡುಗೆ ಮನೆ ಕಿಟಕಿ ಹಿಂದಿನ ಗಲ್ಲಿಗೆ ತೆರೆಯುತ್ತೆ, ಅದನ್ನ ತೆಗೆದಿಟ್ಟು ಮಾಡ್ಕೊಳ್ಳಿ, ಕಸ ಅವತ್ತೇ ಹೊರಗೆ ಹಾಕಿ" ಅಂದರು. ಬಾಡಿಗೆ 25 ಸಾವಿರ, ಅಡ್ವಾನ್ಸ್ ಎಂಟು ತಿಂಗಳದ್ದು ಕೇಳಿ ಐದಕ್ಕೆ ಒಪ್ಪಿದರು. ಬೇರೆ ಮೀಟರ್ ಇದೆ. ಕಾವೇರಿ ದಿನ ಬಿಟ್ಟು ದಿನ ಬರುತ್ತಂತೆ, ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಮೊನ್ನೆ ಬುಧವಾರ ರಾತ್ರಿ ಹತ್ತಕ್ಕೆ ನಡೆದೂ ನೋಡಿದ್ವಿ. ಒಂದು ತಿರುವಲ್ಲಿ ಮಾತ್ರ ದೀಪ ಇಲ್ಲ, ಸುತ್ತು ಹಾಕಿದರೆ ಮೂರು ನಿಮಿಷ ಜಾಸ್ತಿ. ಅವಳು ಸುತ್ತೇ ಬರ್ತೀನಿ ಅಂದಳು.

ಲೆಕ್ಕದ ಮೇಷ್ಟ್ರು
ಬಹಳ ಸಂತೋಷ. ದೊಡ್ಡ ರೂಮ್ ಯಾರಿಗೆ? 26 ಸ್ಟೇಷನ್ ಹೋಗೋರಿಗೆ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ.

ಹುಬ್ಬಳ್ಳಿಯಾಂವ
ಇಲ್ಲಾ ಬಾಡಿಗ್ಯಾಗ ಐದನೂರು ಕಡಿಮಿ ಮಾಡ್ರಿ. ನಾವು ಹಂಗ ಮಾಡಿದ್ವಿ.

ತುಂಗೆಯ ದಡ
ಬಾಡಿಗೆ ಸಮ ಸಮ. ದೊಡ್ಡ ರೂಮ್ ನನಗೆ, ಅವಳೇ ಹೇಳಿದ್ದು. ನಾನು ಮನೆಯಲ್ಲಿರೋ ಎರಡು ದಿನ ಅಲ್ಲೇ ಮೇಜು ಹಾಕಿಕೊಂಡು ಕೆಲಸ ಮಾಡಬೇಕಲ್ಲ. ಹಾಲಿಗೆ ತೆರೆಯೋ ಬಾಲ್ಕನಿ ಇದೆ, ಅದು ಅವಳ ಗಿಡಗಳಿಗೆ. ಅಮ್ಮ ಮುಂದಿನ ಶುಕ್ರವಾರ ಬಂದು ಹಾಲು ಉಕ್ಕಿಸ್ತಾರೆ. ಒಂದು ಪ್ರಶ್ನೆ ಉಳಿದಿದೆ: ಈ ವಿಳಾಸದ ಕಾಗದ ಕೈಗೆ ಬರೋ ತನಕ ಗ್ಯಾಸಿಗೆ ಏನು ಮಾಡೋದು?

ಹಾಸನದ ಆಲೂಗಡ್ಡೆ
5 ಕೆಜಿಯ ಸಣ್ಣ ಸಿಲಿಂಡರ್ ತಗೊಳ್ಳಿ. ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಇದ್ದರೆ ಸಾಕು. ಹಾಲು ಉಕ್ಕಿಸೋಕೆ ಧಾರಾಳ ಆಯ್ತು. ಸ್ಟೌ ಬೇಕಾದರೆ ನನ್ನ ಹತ್ತಿರ ಎರಡು ಬರ್ನರಿನದು ಒಂದು ಸುಮ್ಮನೆ ಇದೆ, ಬನಶಂಕರಿಗೆ ಬಂದು ತಗೊಂಡು ಹೋಗಿ.